ದಸರೆ ರಜೆಯಲ್ಲಿ ಮೊಮ್ಮಕ್ಕಳೊಡನೆ ಮೃಗಾಲಯಕ್ಕೆ



ದಸರೆ ಬಂತೆಂದರೆ ಹಳ್ಳಿಯ ಮನೆಗಳಲ್ಲಿ ಮಕ್ಕಳ ಗದ್ದಲ ಹೆಚ್ಚುತ್ತದೆ. ಪಟ್ಟಣದಲ್ಲಿ ಓದುವ ಮೊಮ್ಮಕ್ಕಳು ರಜೆಗೆ ಬರುತ್ತಾರೆ. ಅಜ್ಜಿ ಒಬ್ಬಟ್ಟಿಗೆ ಬೇಳೆ ಬೇಯಿಸುತ್ತಾರೆ. ತಾತ ಆಯುಧಪೂಜೆಗೆಂದು ನೇಗಿಲು, ಕುಡುಗೋಲು, ಗುದ್ದಲಿಗಳನ್ನು ತೊಳೆದು ಕುಂಕುಮವಿಡುತ್ತಾರೆ. ಹೊಲದಲ್ಲಿ ರಾಗಿಯ ಕಳೆ ಮುಗಿದಿರುತ್ತದೆ, ಗದ್ದೆಯಲ್ಲಿ ಬತ್ತ ಬೆಳೆಯುತ್ತಿರುತ್ತದೆ, ಕೊಯ್ಲಿಗೆ ಇನ್ನೂ ದಿನಗಳಿರುತ್ತವೆ. ರೈತನಾದವನು ಒಂದು ದಿನ ಬಿಡುವು ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾಲ ಸಿಕ್ಕುವುದು ಕಷ್ಟ. ಆಗ ಮೊಮ್ಮಕ್ಕಳು ಕೇಳುವುದು ಒಂದೇ ಮಾತು: "ತಾತ, ಮೈಸೂರಿಗೆ ಕರ್ಕೊಂಡು ಹೋಗು, ಜೂ ತೋರ್ಸು."

ಹೋಗಬೇಕು, ಮನೆಮಂದಿಯೆಲ್ಲ ಕೂಡಿಯೇ ಹೋಗಬೇಕು. ಆದರೆ ಬಸ್ಸಿನ ಚಾರ್ಜು, ಟಿಕೀಟಿನ ದುಡ್ಡು ಕೊಟ್ಟು ಹೋದ ಮೇಲೆ ಬರಿಯ ಹುಲಿ ಸಿಂಹ ನೋಡಿಬಂದರೆ ಸಾಲದು. ಮೃಗಾಲಯದಲ್ಲಿ ದನ ಸಾಕುವವನು ಕಲಿಯಬೇಕಾದ ಕೆಲವು ಪಾಠಗಳಿವೆ. ಮಕ್ಕಳಿಗೆ ಅವನ್ನು ಹೇಳಿಕೊಡಬಲ್ಲವರು ಹಿರಿಯರೇ. ಅದರಲ್ಲಿ ಮುಖ್ಯವಾದ ಒಂದು ಪಾಠವನ್ನು ನಮ್ಮ ಕಡೆಯ ಹಿರಿಯರೊಬ್ಬರು ಬಹಳ ಬೆಲೆ ತೆತ್ತು ಕಲಿತರು. ಅವರು ನನ್ನೊಡನೆ, "ಹೆಸರು ಬರೀಬೇಡಪ್ಪ, ವಿಷಯ ಬರಿ" ಎಂದರು. ಅದರಂತೆ ಬರೆಯುತ್ತಿದ್ದೇನೆ.

ಒಂದು ಆಯುಧಪೂಜೆಯ ಕಥೆ

ಆ ವರ್ಷ ಅವರ ಮನೆಗೆ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ಬಂದಿದ್ದರು. ಹಬ್ಬದ ಅಡುಗೆ ಧಾರಾಳವಾಗಿತ್ತು. ದಿನಕ್ಕೆ ಎಂಟು ಲೀಟರು ಹಾಲು ಕೊಡುತ್ತಿದ್ದ ಹಸುವಿಗೂ ಹಬ್ಬವಾಗಲೆಂದು, ಮಿಕ್ಕ ಅನ್ನ, ಒಬ್ಬಟ್ಟು, ಪಾಯಸವನ್ನೆಲ್ಲ ಒಂದು ದೊಡ್ಡ ಮಕ್ಕರಿಯ ತುಂಬ ಮುಂದಿಟ್ಟರು. ಹಸು ಒಂದಗುಳೂ ಬಿಡದೆ ತಿಂದಿತು. ಮೊಮ್ಮಕ್ಕಳು ಚಪ್ಪಾಳೆ ತಟ್ಟಿದರು.

ಮರುದಿನ ಹಸು ಮೆಲುಕು ಹಾಕಲಿಲ್ಲ. ಹಲ್ಲು ಕಡಿಯತೊಡಗಿತು. ಹುಳಿ ವಾಸನೆಯ ನೀರು ಸಗಣಿ ಹಾಕಿತು. ಸಂಜೆಗೆ ತೂರಾಡಿ ಮಲಗಿಬಿಟ್ಟಿತು. ದೃಷ್ಟಿಯಾಗಿದೆಯೆಂದು ನಿವಾಳಿಸಿ ಒಂದು ರಾತ್ರಿ ಕಳೆದರು. ಪಶುವೈದ್ಯರು ಬರುವ ಹೊತ್ತಿಗೆ ಕೈಮೀರಿತ್ತು. ಮೂರನೆಯ ದಿನ ಹಸು ಸತ್ತುಹೋಯಿತು.

ಮಕ್ಕಳಿಗೆ ಕೊಟ್ಟ ಮಾತು ತಪ್ಪಬಾರದೆಂದು, ದುಃಖದಲ್ಲೇ ಆ ಹಿರಿಯರು ಅವರನ್ನು ಮೈಸೂರಿಗೆ ಕರೆದುಕೊಂಡು ಹೋದರು. ಮೃಗಾಲಯದಲ್ಲಿ ಎಂಟು ವರ್ಷದ ಮೊಮ್ಮಗಳು ಪ್ರಾಣಿಗಳಿಗೆ ತಿಂಡಿ ಕೊಡಬಾರದೆಂಬ ಬೋರ್ಡನ್ನು ಅಕ್ಷರ ಕೂಡಿಸಿ ಓದಿದಳು. ಓದಿ, ತಾತನ ಮುಖ ನೋಡಿ, "ಈ ಬೋರ್ಡು ನಮ್ಮ ಕೊಟ್ಟಿಗೇಲೂ ಇರಬೇಕಿತ್ತು ಅಲ್ವಾ ತಾತ?" ಎಂದಳು. ಆ ಮಾತನ್ನು ಹೇಳುವಾಗ ಹಿರಿಯರ ಕಣ್ಣಲ್ಲಿ ನೀರಿತ್ತು.

ಯಾವ ದಿನ, ಹೇಗೆ ಹೋಗಬೇಕು?

ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯ ನಿನ್ನೆ ಮೊನ್ನೆಯದಲ್ಲ. 1892ರಲ್ಲಿ 10ನೆಯ ಚಾಮರಾಜ ಒಡೆಯರ ಕಾಲದಲ್ಲಿ ಸುಮಾರು 10 ಎಕರೆ ನೆಲದಲ್ಲಿ ಅದು ಆರಂಭವಾಯಿತು. ಮೊದಲು ಅರಮನೆಯ ಮೃಗಾಲಯವಾಗಿದ್ದ ಅದಕ್ಕೆ 1909ರಲ್ಲಿ ಚಾಮರಾಜೇಂದ್ರರ ಹೆಸರು ಬಂತು. ಸ್ವಾತಂತ್ರ್ಯಾನಂತರ 1948ರಲ್ಲಿ ಸರ್ಕಾರದ ಇಲಾಖೆಗೆ ಸೇರಿತು. ಈಗ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಆಡಳಿತದಲ್ಲಿದೆ. ನಿಮ್ಮಲ್ಲಿ ಎಷ್ಟೋ ಮಂದಿ ಬಾಲ್ಯದಲ್ಲಿ ನಿಮ್ಮ ತಾತನ ಕೈ ಹಿಡಿದು ಅಲ್ಲಿ ಓಡಾಡಿರಬಹುದು.

ವಾರದಲ್ಲಿ ಮಂಗಳವಾರ ಮೃಗಾಲಯಕ್ಕೆ ರಜೆ. ದಸರೆಯ ಕಾಲದಲ್ಲಿ ಕೆಲವು ಸಲ ಮಂಗಳವಾರವೂ ತೆರೆಯುವುದುಂಟು. ಹೊರಡುವ ಮೊದಲು ವಿಚಾರಿಸಿಕೊಳ್ಳಿ. ವಿಜಯದಶಮಿಯ ಜಂಬೂಸವಾರಿ ನೋಡಲು ಬಂದ ಜನವೆಲ್ಲ ಅದರ ಹಿಂದುಮುಂದಿನ ದಿನಗಳಲ್ಲಿ ಮೃಗಾಲಯಕ್ಕೂ ನುಗ್ಗುತ್ತಾರೆ. ಆ ನೂಕುನುಗ್ಗಲಿನಲ್ಲಿ ಮಕ್ಕಳಿಗೆ ಮುಂದಿರುವವರ ಬೆನ್ನು ಕಾಣುತ್ತದೆಯೇ ಹೊರತು ಪ್ರಾಣಿ ಕಾಣುವುದಿಲ್ಲ. ಮಕ್ಕಳು ತಪ್ಪಿಸಿಕೊಳ್ಳುವ ಭಯವೂ ಇದೆ. ಆದುದರಿಂದ ರಜೆಯ ಬೇರೊಂದು ದಿನವನ್ನು ಆರಿಸಿಕೊಂಡು, ಮೊದಲ ಬಸ್ಸಿಗೆ ಹೊರಟು, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುವುದು ಉತ್ತಮ. ಬಿಸಿಲೇರಿದ ಮೇಲೆ ಅನೇಕ ಪ್ರಾಣಿಗಳು ನೆರಳು ಹುಡುಕಿ ಮಲಗುತ್ತವೆ. ಸಿಂಹವಂತೂ ದಿನದ ಹೆಚ್ಚು ಹೊತ್ತು ಮಲಗಿಯೇ ಇರುತ್ತದೆ. ಅದು ಸೋಮಾರಿತನವೂ ಅಲ್ಲ, ಕಾಯಿಲೆಯೂ ಅಲ್ಲ. ಅದರ ಸ್ವಭಾವವೇ ಹಾಗೆ. ಕೂಗಿ, ಕಲ್ಲೆಸೆದು ಅದನ್ನು ಎಬ್ಬಿಸಲು ಹೋಗಬಾರದು.

ಒಳಗೆ ನಡೆಯಬೇಕಾದ ದಾರಿ ಉದ್ದವಾಗಿದೆ. ಮಂಡಿ ನೋವಿರುವ ಹಿರಿಯರು ಶುಲ್ಕ ಕೊಟ್ಟು ಬ್ಯಾಟರಿ ಗಾಡಿಯಲ್ಲಿ ಸುತ್ತಬಹುದು. ಬುತ್ತಿಯನ್ನು ಒಳಗೆ ಹೋಗುವ ಮೊದಲು ಇಲ್ಲವೆ ಹೊರಗೆ ಬಂದ ಮೇಲೆ ಬಿಚ್ಚಿರಿ. ಪ್ಲಾಸ್ಟಿಕ್ ಚೀಲ, ಕವರುಗಳನ್ನು ಮನೆಯಲ್ಲೇ ಬಿಟ್ಟು ಬಟ್ಟೆಯ ಚೀಲ ಹಿಡಿದು ಹೋಗಿರಿ.

ಮೆಲುಕು ಹಾಕುವ ನೆಂಟರು

ಜಿಂಕೆ, ಕಡವೆ, ಕಾಡೆಮ್ಮೆಗಳ ಮುಂದೆ ಮಕ್ಕಳನ್ನು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿಸಿ, ಅವುಗಳ ದವಡೆ ನೋಡಲು ಹೇಳಿರಿ. ನಿಮ್ಮ ಕೊಟ್ಟಿಗೆಯ ಹಸುವಿನಂತೆಯೇ ಅವು ಮೆಲುಕು ಹಾಕುತ್ತವೆ. ಕಾಡೆಮ್ಮೆಯೆಂದು ಕರೆದರೂ ಅದು ಎಮ್ಮೆಯ ಜಾತಿಗಿಂತ ಹಸುವಿನ ಜಾತಿಗೆ ಹತ್ತಿರ. ದೊಡ್ಡ ಗಂಡಿನ ತೂಕ ಸಾವಿರ ಕಿಲೋಗ್ರಾಮಿನ ಹತ್ತಿರಕ್ಕೆ ಹೋಗುತ್ತದೆ. ಹದಿನೆಂಟು ಅಡಿಯವರೆಗೆ ಬೆಳೆಯುವ ಜಿರಾಫೆಯೂ ಮೆಲುಕು ಹಾಕುವ ಪ್ರಾಣಿಯೇ. ತಿಂದ ಸೊಪ್ಪು ಅಷ್ಟುದ್ದದ ಕತ್ತಿನಲ್ಲಿ ಉಂಡೆಯಾಗಿ ಮೇಲಕ್ಕೆ ಬರುವುದನ್ನು ಗಮನಿಸಿ ನೋಡಿದರೆ ಕಾಣಬಹುದು. ಆ ಕತ್ತಿನಲ್ಲಿರುವ ಮೂಳೆಗಳು ಏಳೇ, ನಮ್ಮ ಕತ್ತಿನಲ್ಲಿರುವಷ್ಟೆ. ಆದರೆ ಒಂದೊಂದು ಮೂಳೆಯೂ ಬಹಳ ಉದ್ದ.

ಆನೆ ಮೆಲುಕು ಹಾಕುವುದಿಲ್ಲ. ದೊಡ್ಡ ಆನೆ ದಿನಕ್ಕೆ 150 ಕಿಲೋಗ್ರಾಮಿನಷ್ಟು ಮೇವು ತಿನ್ನುತ್ತದೆ. ಅದರಲ್ಲಿ ಅರ್ಧವೂ ಸರಿಯಾಗಿ ಜೀರ್ಣವಾಗುವುದಿಲ್ಲ. ಆನೆಯ ಲದ್ದಿಯಲ್ಲಿ ಹುಲ್ಲಿನ ಎಳೆ ಎಳೆಯಾಗಿ ಕಾಣುವುದು ಅದಕ್ಕೇ. ಹಸು ಗಬ್ಬವಾಗಿ ಸುಮಾರು 280 ದಿನಕ್ಕೆ ಕರು ಹಾಕಿದರೆ, ಆನೆ ಮರಿ ಹಾಕಲು ಸುಮಾರು 22 ತಿಂಗಳು ಬೇಕು. ಇಂಥ ಹೋಲಿಕೆಗಳನ್ನು ಮಕ್ಕಳು ಮರೆಯುವುದಿಲ್ಲ.

ತಿಂಡಿ ಏಕೆ ಕೊಡಬಾರದು?

ಈಗ ಆ ಹಿರಿಯರ ಹಸು ಏಕೆ ಸತ್ತಿತೆಂಬುದನ್ನು ತಿಳಿಯೋಣ.

ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ನಾಲ್ಕು ಭಾಗಗಳಿವೆ. ಮೊದಲನೆಯದು ಎಲ್ಲಕ್ಕಿಂತ ದೊಡ್ಡದು. ದೊಡ್ಡ ಹಸುವಿನಲ್ಲಿ ಅದು ನೂರು ಲೀಟರಿಗೂ ಹೆಚ್ಚು ಹಿಡಿಸುವ ತೊಟ್ಟಿಯಿದ್ದಂತೆ. ಅದರೊಳಗೆ ಕಣ್ಣಿಗೆ ಕಾಣದ ಕೋಟ್ಯಂತರ ಜೀವಾಣುಗಳಿವೆ. ಹುಲ್ಲನ್ನು ಕೊಳೆಯಿಸಿ ಹಸುವಿಗೆ ಆಹಾರ ಮಾಡಿಕೊಡುವುದು ಅವುಗಳ ಕೆಲಸ. ನೀವು ಹಸುವಿಗೆ ಹಾಕುವ ಮೇವು ಮೊದಲು ಸಲ್ಲುವುದು ಈ ಜೀವಾಣುಗಳಿಗೆ.

ಹುಲ್ಲಿಗೆ ಒಗ್ಗಿದ ಈ ತೊಟ್ಟಿಗೆ ಒಮ್ಮೆಲೇ ಒಂದು ಮಕ್ಕರಿ ಅನ್ನ, ಬೆಲ್ಲ, ಹಿಟ್ಟು ಬಿದ್ದರೆ ಏನಾಗುತ್ತದೆ? ಹಿಟ್ಟು ಸಕ್ಕರೆಗಳನ್ನು ತಿನ್ನುವ ಒಂದು ಜಾತಿಯ ಜೀವಾಣುಗಳು ಕೆಲವೇ ಗಂಟೆಗಳಲ್ಲಿ ಮಿತಿಮೀರಿ ಹೆಚ್ಚುತ್ತವೆ. ಅವು ಹುಳಿಯನ್ನು ಉಂಟುಮಾಡುತ್ತವೆ. ಹುಳಿ ಹೆಚ್ಚಿದಂತೆ ಹುಲ್ಲು ಅರಗಿಸುವ ಜೀವಾಣುಗಳು ಸಾಯುತ್ತವೆ. ಮೈಯ ನೀರೆಲ್ಲ ಹೊಟ್ಟೆಯೊಳಕ್ಕೆ ಇಳಿಯುತ್ತದೆ. ಹುಳಿ ರಕ್ತಕ್ಕೆ ಸೇರುತ್ತದೆ. ಹಸು ಮೆಲುಕು ಬಿಡುವುದು, ಹಲ್ಲು ಕಡಿಯುವುದು, ಹುಳಿನಾತದ ಸಗಣಿ ಹಾಕುವುದು, ತೂರಾಡಿ ಮಲಗುವುದು ಎಲ್ಲವೂ ಇದರ ಲಕ್ಷಣಗಳು. ತಡಮಾಡದೆ ಚಿಕಿತ್ಸೆ ಮಾಡಿದರೆ ಅನೇಕ ಹಸುಗಳು ಉಳಿಯುತ್ತವೆ. ದೃಷ್ಟಿ ತೆಗೆಯುತ್ತ ಒಂದು ರಾತ್ರಿ ಕಳೆದರೆ ಉಳಿಯುವುದು ಕಷ್ಟ. ಮಲಗಿದ ಹಸುವಿಗೆ ಗೊಟ್ಟದಲ್ಲಿ ಏನನ್ನೂ ಹೊಯ್ಯಬೇಡಿರಿ, ಅದು ಶ್ವಾಸಕೋಶಕ್ಕೆ ಇಳಿದರೆ ಅಪಾಯ. ಕೂಡಲೆ ಪಶುವೈದ್ಯರನ್ನು ಕರೆಸಿರಿ.

ಮೃಗಾಲಯದ ಜಿಂಕೆಗೂ ಇದೇ ಹೊಟ್ಟೆ. ನೀವೊಬ್ಬರು ಒಂದು ಬಿಸ್ಕತ್ತು ಹಾಕಬಹುದು. ಆದರೆ ಹಬ್ಬದ ದಿನ ಬರುವ ಸಾವಿರಾರು ಜನರೂ ಹೀಗೆಯೇ ಎಣಿಸಿದರೆ? ಯಾವ ಪ್ರಾಣಿಗೆ ಎಷ್ಟು ಮೇವು ಎಂಬುದನ್ನು ಅಲ್ಲಿಯ ವೈದ್ಯರು ಲೆಕ್ಕ ಹಾಕಿರುತ್ತಾರೆ. ನಮ್ಮ ಪ್ರೀತಿ ಆ ಲೆಕ್ಕವನ್ನು ಕೆಡಿಸುತ್ತದೆ. ತಿಂಡಿಯ ಜೊತೆಗೆ ಹೋಗುವ ಪ್ಲಾಸ್ಟಿಕ್ ಕವರು ಹೊಟ್ಟೆಯಲ್ಲಿ ಕರಗದೆ ಗಂಟಾಗಿ ನಿಲ್ಲುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮೃಗಾಲಯದ ಪ್ರಾಣಿಗಳನ್ನು ಕೆಣಕುವುದು, ಅವುಗಳಿಗೆ ತಿನ್ನಿಸುವುದು, ಗದ್ದಲ ಮಾಡಿ ತೊಂದರೆ ಕೊಡುವುದು, ಕಸ ಎಸೆಯುವುದು ಎಲ್ಲವೂ ನಿಷಿದ್ಧ.

ಮೇವಿನಲ್ಲಿ ಯಾವ ಬದಲಾವಣೆ ಮಾಡಬೇಕಾದರೂ ಸ್ವಲ್ಪ ಸ್ವಲ್ಪವಾಗಿ, ಹತ್ತು ಹದಿನೈದು ದಿನಗಳಲ್ಲಿ ಮಾಡಬೇಕು. ದಸರೆಯ ಆನೆಗಳನ್ನೇ ನೋಡಿರಿ. ಸುಮಾರು 750 ಕಿಲೋಗ್ರಾಮಿನ ಚಿನ್ನದ ಅಂಬಾರಿಯನ್ನು ಒಂದೇ ದಿನ ತಂದು ಬೆನ್ನ ಮೇಲಿಡುವುದಿಲ್ಲ. ವಾರಗಟ್ಟಲೆ ಮೊದಲಿಂದ ಮರಳಿನ ಮೂಟೆ ಹೊರಿಸಿ, ಭಾರ ಹೆಚ್ಚಿಸುತ್ತ ತಾಲೀಮು ಮಾಡಿಸುತ್ತಾರೆ. ಅಷ್ಟು ದೊಡ್ಡ ಆನೆಯ ಬೆನ್ನಿಗೆ ಬೇಕಾದ ಈ ನಿಧಾನ ನಮ್ಮ ಹಸುವಿನ ಹೊಟ್ಟೆಗೆ ಬೇಡವೆ?

ಮಕ್ಕಳಿಗೆ ಗುರುತು ಹಿಡಿಸಬೇಕಾದವು

ಮೃಗಾಲಯದ ಹಾವಿನ ಮನೆಯನ್ನು ಭಯದಿಂದ ಬಿಟ್ಟುಬರಬೇಡಿರಿ. ಗಾಜಿನ ಹಿಂದಿರುವ ಹಾವನ್ನು ನೋಡಿ ಕಲಿತ ಗುರುತು ಗದ್ದೆಯ ಬದುವಿನಲ್ಲಿ ಪ್ರಾಣ ಉಳಿಸೀತು. ನಮ್ಮ ದೇಶದಲ್ಲಿ 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಜನವೆಂದು ತಜ್ಞರು ಅಂದಾಜು ಮಾಡಿದ್ದಾರೆ. ಸತ್ತವರಲ್ಲಿ ಬಹುಮಂದಿ ನಮ್ಮಂಥ ಹಳ್ಳಿಗರು. ನಾಗರಹಾವನ್ನು ಹೆಡೆಯಿಂದ ತಿಳಿಯಬಹುದು. ಕೊಳಕುಮಂಡಲದ ಬೆನ್ನ ಮೇಲೆ ಸರಪಣಿಯಂತೆ ಮೂರು ಸಾಲು ಕಂದು ಮಚ್ಚೆಗಳಿರುತ್ತವೆ. ಕೆಣಕಿದರೆ ಅದು ಕುಕ್ಕರಿನಂತೆ ಬುಸುಗುಟ್ಟುತ್ತದೆ. ಕಟ್ಟುಹಾವಿನ ಕಪ್ಪು ಮೈಮೇಲೆ ತೆಳುವಾದ ಬಿಳಿಯ ಅಡ್ಡಪಟ್ಟೆಗಳಿರುತ್ತವೆ. ಅದು ಓಡಾಡುವುದು ರಾತ್ರಿಯಲ್ಲಿ. ಕಚ್ಚಿದರೆ ನೋವು ತಿಳಿಯದೆ ಇರುವುದೂ ಉಂಟು. ಆದುದರಿಂದ ನೆಲದ ಮೇಲೆ ಮಲಗುವವರು ಎಚ್ಚರವಾಗಿರಬೇಕು. ಕೇರೆಹಾವಿಗೆ ವಿಷವಿಲ್ಲ. ಅದು ಇಲಿ ತಿಂದು ನಮ್ಮ ಕಣಜ ಕಾಯುವ ಸ್ನೇಹಿತ.

ಹಾವು ಕಡಿದಾಗ ಗಾಯ ಕೊಯ್ಯುವುದು, ರಕ್ತ ಹೀರುವುದು, ಬಿಗಿಯಾಗಿ ಕಟ್ಟುವುದು, ನಾಟಿ ಔಷಧಿಗೆ ಓಡುವುದು ಯಾವುದೂ ಕೂಡದು. ಉಂಗುರ, ಬಳೆ, ಕಾಲ್ಗೆಜ್ಜೆ ಬಿಚ್ಚಿ, ಕಡಿದ ಕೈ ಅಥವಾ ಕಾಲು ಅಲುಗದಂತೆ ಇರಿಸಿ, ಧೈರ್ಯ ಹೇಳುತ್ತ ಆಸ್ಪತ್ರೆಗೆ ಒಯ್ಯಬೇಕು.

ಚಿರತೆಯನ್ನೂ ತೋರಿಸಿರಿ. ಹುಲಿಗೆ ಪಟ್ಟೆ, ಚಿರತೆಗೆ ಹೂವಿನಂಥ ಮಚ್ಚೆ. ಮಂಡ್ಯ, ಮೈಸೂರಿನ ಸೀಮೆಯಲ್ಲಿ ಕಬ್ಬು ಕಡಿಯುವಾಗ ಗದ್ದೆಯಲ್ಲಿ ಚಿರತೆ ಮರಿ ಸಿಕ್ಕುವುದು ಹೊಸದಲ್ಲ. ಬೆಕ್ಕಿನ ಮರಿಯಂತೆ ಮುದ್ದಾಗಿ ಕಾಣುವುದರಿಂದ ಮಕ್ಕಳು ಎತ್ತಿಕೊಳ್ಳಲು ಹೋಗುತ್ತಾರೆ. ತಾಯಿ ಬೇಟೆಗೆ ಹೋಗಿರುತ್ತದೆ, ಇಲ್ಲವೆ ಹತ್ತಿರದಲ್ಲೇ ಅಡಗಿರುತ್ತದೆ. ಮರಿಯನ್ನು ಮುಟ್ಟದೆ, ಕಟಾವು ನಿಲ್ಲಿಸಿ, ಎಲ್ಲರೂ ದೂರ ಸರಿದು, ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ತಾಯಿ ಸಾಮಾನ್ಯವಾಗಿ ರಾತ್ರಿ ಬಂದು ಮರಿಯನ್ನು ಒಯ್ಯುತ್ತದೆ.

ಮೃಗಾಲಯದಿಂದ ಕೊಟ್ಟಿಗೆಗೆ ತರಬೇಕಾದ ಕ್ರಮಗಳು

ಮೃಗಾಲಯಕ್ಕೆ ಹೊಸ ಪ್ರಾಣಿ ಬಂದರೆ ಅದನ್ನು ಕೂಡಲೆ ಇತರ ಪ್ರಾಣಿಗಳ ಜೊತೆ ಬಿಡುವುದಿಲ್ಲ. ಕೆಲವು ವಾರ ಬೇರೆ ಇಟ್ಟು, ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ಸೇರಿಸುತ್ತಾರೆ. ನಾವಾದರೋ ಸಂತೆಯಿಂದ ತಂದ ಹಸುವನ್ನು ಅದೇ ಸಂಜೆ ಹಳೆಯ ಹಸುವಿನ ಮಗ್ಗುಲಲ್ಲಿ ಕಟ್ಟುತ್ತೇವೆ. ಕಾಲುಬಾಯಿ ಜ್ವರ, ಚರ್ಮಗಂಟು ರೋಗಗಳು ಕೊಟ್ಟಿಗೆಗೆ ಬರುವ ದಾರಿಗಳಲ್ಲಿ ಇದೂ ಒಂದು. ಹೊಸ ದನವನ್ನು ಮೂರು ನಾಲ್ಕು ವಾರವಾದರೂ ಬೇರೆ ಕಟ್ಟಿ, ಬೇರೆ ಬಕೆಟ್ಟಿನಲ್ಲಿ ನೀರು ಕೊಡಿರಿ.

ರೋಗ ಎಷ್ಟು ದೊಡ್ಡ ಜಾಗವನ್ನೂ ಬಿಡುವುದಿಲ್ಲ. 2017ರ ಜನವರಿಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ಮೈಸೂರು ಮೃಗಾಲಯವನ್ನೇ ಸುಮಾರು ಒಂದು ತಿಂಗಳು ಮುಚ್ಚಬೇಕಾಯಿತು. ಕಾಲುಬಾಯಿ ಜ್ವರದ ಸೋಂಕು ಮನುಷ್ಯನ ಚಪ್ಪಲಿ, ಬಟ್ಟೆಗಳಿಗೆ ಅಂಟಿ ದೂರ ಸಾಗಬಲ್ಲುದು. ಜಿಂಕೆ, ಕಾಡೆಮ್ಮೆಗಳಿಗೂ ಆ ರೋಗ ತಗಲುತ್ತದೆ. ಮನೆಯ ದನಕ್ಕೆ ಈ ಜ್ವರವಿದ್ದರೆ ಪ್ರವಾಸವನ್ನು ಮುಂದಕ್ಕೆ ಹಾಕಿರಿ. ಆರು ತಿಂಗಳಿಗೊಮ್ಮೆ ಲಸಿಕೆ ಹಾಕುವವರು ಊರಿಗೆ ಬಂದಾಗ ದನವನ್ನು ಹೊಲಕ್ಕೆ ಹೊಡೆಯದೆ ಮನೆಯಲ್ಲಿ ಕಟ್ಟಿರಿ.

ನೆನಪಿಡಬೇಕಾದ ಅಂಶಗಳು

1. ಜನಸಂದಣಿಯ ದಿನ ಬಿಟ್ಟು, ಬೆಳಗಿನ ಹೊತ್ತು ಹೋಗಿರಿ.

2. ಸಣ್ಣ ಮಕ್ಕಳ ಜೇಬಿನಲ್ಲಿ ಮನೆಯವರ ಹೆಸರು, ಊರು, ಫೋನ್ ನಂಬರು ಬರೆದ ಚೀಟಿ ಇಡಿರಿ.

3. ಮಗುವನ್ನು ಕಟ್ಟೆ, ಕಂಬಿಯ ಮೇಲೆ ಹತ್ತಿಸಿ ನಿಲ್ಲಿಸಬೇಡಿರಿ. ಹೆಗಲ ಮೇಲೆ ಕೂರಿಸಿಕೊಂಡು ಕಂಬಿಯಾಚೆ ಬಗ್ಗಬೇಡಿರಿ.

4. ಪ್ರಾಣಿಗಳಿಗೆ ಏನನ್ನೂ ತಿನ್ನಿಸಬೇಡಿರಿ, ಎಸೆಯಬೇಡಿರಿ. ಮಕ್ಕಳು ಬುದ್ಧಿಮಾತಿಗಿಂತ ಹಿರಿಯರ ಕೈಯನ್ನು ನೋಡಿ ಕಲಿಯುತ್ತಾರೆ.

5. ಬೋರ್ಡುಗಳನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿರಿ. ಅವರು ಓದಲಿ, ನೀವು ನಿಮ್ಮ ಅನುಭವ ಸೇರಿಸಿ ಹೇಳಿರಿ.

6. ಹೊರಬಂದ ಮೇಲೆ ಸೋಪು ಹಚ್ಚಿ ಕೈ ತೊಳೆದು ಊಟ ಮಾಡಿರಿ. ಊರಿಗೆ ಬಂದು ಕಾಲು, ಚಪ್ಪಲಿ ತೊಳೆದು ಕೊಟ್ಟಿಗೆಗೆ ಹೋಗಿರಿ.

7. ಹಬ್ಬದ ದಿನ ಹಸುವಿಗೆ ಪ್ರೀತಿಯಿಂದ ಒಂದು ಒಬ್ಬಟ್ಟು ಕೊಟ್ಟರೆ ಸಾಕು. ಮಿಕ್ಕ ಅಡುಗೆ ಮಕ್ಕರಿಗಟ್ಟಲೆ ಬೇಡ. ಊಟದೆಲೆಯ ಜೊತೆ ಪ್ಲಾಸ್ಟಿಕ್ಕನ್ನು ತಿಪ್ಪೆಗೆ ಎಸೆಯಬೇಡಿರಿ, ಅದು ದನದ ಹೊಟ್ಟೆ ಸೇರುತ್ತದೆ.

ಆ ಹಿರಿಯರ ಮನೆಗೆ ಮೊನ್ನೆ ಹೋಗಿದ್ದೆ. ಕೊಟ್ಟಿಗೆಯಲ್ಲಿ ಹೊಸ ಹಸು ಕಟ್ಟಿದೆ. ಬಾಗಿಲ ಮೇಲೆ ರಟ್ಟಿನ ತುಂಡೊಂದು ನೇತಾಡುತ್ತಿದೆ. "ಹಸುವಿಗೆ ಹಬ್ಬದ ತಿಂಡಿ ಕೊಡಬೇಡಿ" ಎಂದು ಬಣ್ಣದ ಪೆನ್ಸಿಲಿನಲ್ಲಿ ಮಗುವಿನ ಅಕ್ಷರ. "ಮೊಮ್ಮಗಳು ಬರೆದು ಕಟ್ಟಿ ಹೋಗವ್ಳೆ, ನಾನು ಬಿಚ್ಚಿಲ್ಲ" ಎಂದರು. ಈ ದಸರೆಗೆ ನೀವೂ ಮೊಮ್ಮಕ್ಕಳ ಕೈ ಹಿಡಿದು ಮೃಗಾಲಯಕ್ಕೆ ಹೋಗಿಬನ್ನಿ. ಬರುವಾಗ ಅಂಥ ಒಂದು ಬೋರ್ಡನ್ನು ನಿಮ್ಮ ಕೊಟ್ಟಿಗೆಗೂ ಬರೆಸಿಕೊಳ್ಳಿರಿ.